ಕಾಗಿಣಾ ದಂಡೆಯ ಇಂಜಿನ್ನು

ಮದುವೆಯಾಗಿ ಶಹಾಬಾದಕ್ಕೆ ಬಂದ ಹೊಸದರಲ್ಲಿ, ಹಿತ್ತಲಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಏನಿದೆ ಅಂತ ಅತ್ತೆಯನ್ನು ಕೇಳಿದ್ದೆ. "ಅದರ ಸುದ್ದಿ ತೆಗೀಬ್ಯಾಡವಾ" ಅಂದಿದ್ದರು. ಮತ್ತೆ ಕೇಳಲಿಲ್ಲ. ಅತ್ತೆ ಹೋದರು, ಕೆಲವು ವರ್ಷಗಳ ಮೇಲೆ ಮಾವನವರೂ ಹೋದರು. ಶಹಾಬಾದದ ಆ ಮನೆ ಖಾಲಿ ಮಾಡುವ ದಿನ ನನ್ನ ಗಂಡ ಆ ಶೆಡ್ಡಿನ ಕೀಲಿ ಒಡೆದು ಒಳಗೆ ಹೋದವರು ಭಾಳ ಹೊತ್ತಾದರೂ ಹೊರಗೆ ಬರಲಿಲ್ಲ.

ಒಳಗಿದ್ದದ್ದು ಒಂದು ಕಾರು. ಇಬ್ಬರೇ ಕೂಡಬಹುದಾದ, ಮೇಲೆ ಚಾವಣಿ ಇಲ್ಲದ, ಓಟಕ್ಕೆಂದೇ ಮಾಡಿದ ಇಂಗ್ಲಿಷ್ ಕಾರು. ಇತ್ತು ಅನ್ನುವುದಕ್ಕಿಂತ ಅದರ ತಗಡಿನ ಮೈ ಅಷ್ಟೇ ಉಳಿದಿತ್ತು. ಗಾಲಿ ಇಲ್ಲ, ಸೀಟು ಇಲ್ಲ, ದೀಪ ಇಲ್ಲ. ಬಾನೆಟ್ ಎತ್ತಿದರೆ ಇಂಜಿನ್ನೂ ಇಲ್ಲ.

ಮಾವನವರು ಆ ಊರಲ್ಲಿ ಡಾಕ್ಟರಾಗಿದ್ದವರು. ಒಬ್ಬ ಇಂಗ್ಲಿಷ್ ಇಂಜಿನಿಯರ್ ತನ್ನ ದೇಶಕ್ಕೆ ಹೊರಟಾಗ ಅವನ ಕಡೆಯಿಂದ ಅದನ್ನು ತಗೊಂಡಿದ್ದರಂತೆ. ಹಿರಿಯ ಮಗ, ಅಂದರೆ ನಾನು ಕಂಡೇ ಇಲ್ಲದ ನನ್ನ ಭಾವ, ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅದನ್ನು ಓಡಿಸಲು ಕಲಿತ. ವಾಡಿಯ ದಾರಿಯಲ್ಲಿ ತಮ್ಮನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೋಗುತ್ತಿದ್ದ. ಅದೇ ವರ್ಷ ಅವನಿಗೆ ಕಾಮಾಲೆ ಆಯಿತು. ಊರ ಮಂದಿಯ ಜ್ವರವನ್ನೆಲ್ಲ ಇಳಿಸಿದ ಅಪ್ಪನಿಗೆ ಮಗನನ್ನು ಉಳಿಸಿಕೊಳ್ಳಲು ಆಗಲಿಲ್ಲ. ದಿನ ಕರ್ಮ ಮುಗಿದ ಮೇಲೆ ಮಾವನವರು ಶೆಡ್ಡಿನ ಕದ ತೆಗೆದು, ಗ್ಯಾರೇಜಿನವರನ್ನು, ಪರಿಚಯದವರನ್ನು ಕರೆದು, "ಯಾರಿಗಿ ಏನ್ ಬೇಕೋ ಒಯ್ರಿ" ಅಂದರಂತೆ. ಒಬ್ಬರು ಗಾಲಿ ಬಿಚ್ಚಿದರು, ಒಬ್ಬರು ದೀಪ. ನನ್ನ ಗಂಡ ಆಗ ಸಣ್ಣವರು. ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದ್ದರು.

ಇದನ್ನು ಅವರು ನನಗೆ ಹೇಳಿದ್ದು ಶೆಡ್ಡಿನಿಂದ ಹೊರಗೆ ಬಂದ ಮೇಲೆ. ಅಷ್ಟು ವರ್ಷ ಸಂಸಾರ ಮಾಡಿದರೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

"ಇದನ್ನ ಮದಲಿನಂಗ ಮಾಡ್ತೀನಿ" ಅಂದರು.

ನನ್ನ ಗಂಡ ಚಿತ್ತಾಪುರದಲ್ಲಿ ವಕೀಲರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಕಾರಿನ ಮೈಯನ್ನು ಲಾರಿಗೆ ಹೇರಿಸಿ ಚಿತ್ತಾಪುರದ ಮನೆಗೆ ತಂದು, ಹಿತ್ತಲಲ್ಲಿ ಒಂದು ಶೆಡ್ಡು ಹಾಕಿಸಿ ಇಟ್ಟೆವು. ಮೊದಮೊದಲು ನನಗೂ ಹುರುಪಿತ್ತು. ಅಂಥ ಹಳೆಯ ಕಾರುಗಳನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವ ಒಬ್ಬ ಸಾಹುಕಾರರು ಹೈದರಾಬಾದಿನಲ್ಲಿದ್ದಾರೆ ಅಂತ ತಿಳಿದು ಫೋನ್ ಮಾಡಿದೆವು. ಅವರು ಸಜ್ಜನರು, ಉತ್ಸಾಹದಿಂದ ಮಾತಾಡಿದರು. ಅದೇ ಕಂಪನಿಯ, ಅದೇ ಕಾಲದ ಸಾಮಾನು ತಮ್ಮ ಹತ್ತಿರ ಕೆಲವು ಇವೆ, ಇಲ್ಲದ್ದನ್ನು ಹೊರದೇಶದಿಂದ ತರಿಸಬಹುದು ಅಂದರು.

"ಎಲ್ಲಾ ಒರಿಜಿನಲ್ ಅದಾವ್ರಿ, ವಕೀಲ್ ಸಾಹೇಬ್ರ. ಡುಪ್ಲಿಕೇಟ್ ನಾ ಮುಟ್ಟೂದೇ ಇಲ್ಲ."

ಫೋನ್ ಇಟ್ಟ ಮೇಲೆ ನನ್ನ ಗಂಡ ತಲೆ ಅಲ್ಲಾಡಿಸಿದರು. "ಅವರಿಗಿ ಅದು ಒರಿಜಿನಲ್. ನನಗ ಅಲ್ಲ. ನಮ್ಮಣ್ಣ ಕೈ ಇಟ್ಟದ್ದು ಬೇಕು ನನಗ."

ಅಲ್ಲಿಂದ ಶುರುವಾಯಿತು ಅಲೆದಾಟ. ಕೋರ್ಟಿಗೆ ರಜೆ ಇದ್ದ ದಿನವೆಲ್ಲ ಒಂದೊಂದು ಊರು. ಯಾರು ಏನು ಒಯ್ದಿದ್ದರು ಅನ್ನುವುದು ಅವರ ನೆನಪಿನಲ್ಲಿ ಕೆತ್ತಿದಂತಿತ್ತು. ವಾಡಿಯಲ್ಲಿ ಒಂದು ಚಹಾದಂಗಡಿಯ ಗೋಡೆಗೆ ಮೊಳೆ ಹೊಡೆದು ಸ್ಟೇರಿಂಗ್ ತೂಗುಹಾಕಿದ್ದರು. ಮೇಲೆ ಸಿಮೆಂಟಿನ ಧೂಳು ಗಟ್ಟಿಯಾಗಿ ಕೂತಿತ್ತು. ಅಂಗಡಿಯವರು ಕಥೆ ಕೇಳಿ, "ನಿಮ್ಮದೇ ಸಾಮಾನು, ಒಯ್ರಿ" ಅಂತ ತಾವೇ ಇಳಿಸಿ ಕೊಟ್ಟರು. ದಾರಿಯುದ್ದಕ್ಕೂ ಇವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಗಾಡಿ ನಾನೇ ಓಡಿಸಿದೆ. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಕೊನೆ.

ಸೇಡಂನಲ್ಲಿ ದೀಪ ಒಯ್ದವರ ಮನೆ ಹುಡುಕಿದೆವು. ಮನೆ ಇತ್ತು, ಮಂದಿ ಬೇರೆ. ಗಾಲಿಗಳು ಯಾವಾಗಲೋ ಗುಜರಿಗೆ ಹೋಗಿದ್ದವು. ಚಿಂಚೋಳಿಯ ತನಕ ಹೋಗಿ, ಅಲ್ಲಿನ ಚಂದಾಪುರದ ಒಂದು ಕಟಿಂಗ್ ಅಂಗಡಿಯಲ್ಲಿ ಸೀಟು ಪತ್ತೆ ಮಾಡಿದೆವು. ಕಾಯುವ ಗಿರಾಕಿಗಳಿಗೆ ಹಾಕಿದ್ದರು. ರೆಕ್ಸಿನ್ ಬೇರೆ, ಒಳಗಿನ ಸ್ಪ್ರಿಂಗ್ ಬೇರೆ, ಕಾಲಿಗೆ ಹೊಸ ಕಬ್ಬಿಣ ಬೆಸೆದಿದ್ದರು. ಇವರು ಅದರ ಮೇಲೆ ಕೂತು ಕಣ್ಣು ಮುಚ್ಚಿದರು. ಆಮೇಲೆ ಎದ್ದು, "ಅಲ್ಲ" ಅಂದರು. ಅದೇ ಹೌದು ಅಂತ ಅಂಗಡಿಯವರು ಆಣೆ ಮಾಡಿ ಹೇಳಿದರೂ ತಗೊಳ್ಳಲಿಲ್ಲ. ವಾಪಸು ಬರುವಾಗ ರಸ್ತೆಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು.

ಇಂಜಿನ್ನು ಒಂದು ಸಿಕ್ಕರೆ ಸಾಕು ಅನ್ನತೊಡಗಿದರು. ಕಾರಿನ ಮೈಗೆ ಹಚ್ಚಿದ ಹಿತ್ತಾಳೆ ತಗಡಿನಲ್ಲಿ ಒಂದು ನಂಬರ್ ಇತ್ತು. ಇಂಜಿನ್ನಿನ ಮೇಲೂ ಅದೇ ನಂಬರ್ ಇರಬೇಕು. ಅದನ್ನು ಒಯ್ದವರು ದಂಡೋತಿಯ ಒಬ್ಬ ರೈತರು ಅಂತ ಅವರಿಗೆ ನೆನಪಿತ್ತು. ಹೋದೆವು. ಆ ಹಿರಿಯರು ಈಗಿಲ್ಲ. ಅವರ ಸೊಸೆ, ನನಗಿಂತ ಸ್ವಲ್ಪ ದೊಡ್ಡವರು, ಬಾಗಿಲಿಗೆ ಬಂದರು.

"ಬರ್ರಿ, ಕುಂದ್ರಿ. ನೀವು ಡಾಕ್ಟರ ಸಣ್ಣ ಮಗ ಏನ್ರಿ?" ಅಂತ ನೀರು ಕೊಟ್ಟರು. "ಆ ಇಂಜಿನ್ ಮ್ಯಾಲೇ ನಮ್ಮ ಮಾವ ಹೊಳಿ ನೀರು ಎತ್ತಿ ಹೊಲಕ್ಕ ಬಿಟ್ಟಾರ್ರಿ. ಕರೆಂಟ್ ಮೋಟರ್ ಬಂದ ಮ್ಯಾಲ ಹೊಳಿ ದಂಡಿ ಮ್ಯಾಲಿನ ಖೋಲ್ಯಾಗ ಹಂಗೇ ಬಿದ್ದಿತ್ತು. ಹೊಳಿ ದೊಡ್ಡದು ಬಂದಾಗ ಖೋಲಿನೇ ಕುಸೀತು."

"ಇಂಜಿನ್?"

"ಅಲ್ಲೇ ಇರಬೇಕ್ರಿ. ಯಾರು ಎತ್ತತಾರ ಅಷ್ಟು ಭಾರದ್ದು?"

ಅವರೇ ದಾರಿ ತೋರಿಸಿದರು. ಕಾಗಿಣಾ ಹೊಳೆಯ ದಂಡೆಯಲ್ಲಿ, ಕುಸಿದ ಗೋಡೆಯ ಕಲ್ಲುಗಳ ನಡುವೆ, ಅರ್ಧ ಮಣ್ಣಿನಲ್ಲಿ ಹೂತು ಅದು ಬಿದ್ದಿತ್ತು. ನನ್ನ ಗಂಡ ಪ್ಯಾಂಟು ಕೆಸರಾಗುವುದನ್ನೂ ಲೆಕ್ಕಿಸದೆ ಮೊಣಕಾಲೂರಿ ಕೈಯಿಂದಲೇ ಮಣ್ಣು ತೆಗೆದರು. ಕಲ್ಲಿನ ಚೂರಿನಿಂದ ತುಕ್ಕು ಕೆರೆದರು. ನಂಬರ್ ಕಾಣಿಸಿತು. ಅದೇ. ಅವರು ನನ್ನ ಕೈ ಹಿಡಿದು ಎಳೆದು ಆ ನಂಬರಿನ ಮೇಲೆ ಇಟ್ಟರು. ನನ್ನ ಕಣ್ಣಲ್ಲಿ ನೀರು ಬಂತು.

ಮಣ್ಣು ಇನ್ನಷ್ಟು ಸರಿಸಿದಾಗ ಇನ್ನೊಂದು ಮಗ್ಗುಲು ಕಂಡಿತು. ಮೇಲಿನಿಂದ ಕೆಳಗಿನ ತನಕ ಸೀಳಿತ್ತು. ಬಿರುಕಿನೊಳಗೆ ನನ್ನ ಬೆರಳು ಹೋಗುತ್ತಿತ್ತು.

ಆದರೂ ಎತ್ತಿಸಿ ತಂದೆವು. ವಾಡಿಯ ವೆಲ್ಡಿಂಗ್‌ನವರು ಬೇಡ ಬೇಡ ಅನ್ನುತ್ತಲೇ ಇವರ ಒತ್ತಾಯಕ್ಕೆ ಕೈ ಹಚ್ಚಿದರು. ಬೀಡುಕಬ್ಬಿಣಕ್ಕೆ ಕಾವು ತಾಗಿದ್ದೇ ಪಕ್ಕದಲ್ಲಿ ಇನ್ನೊಂದು ಸೀಳು ಬಿತ್ತು. ಚಟ್ ಅಂತ ಸದ್ದಾಯಿತು, ಅಷ್ಟೇ. ವೆಲ್ಡಿಂಗ್‌ನವರು ಗ್ಯಾಸಿನ ಉರಿ ಆರಿಸಿ ಕೈ ಒರೆಸಿಕೊಂಡರು. ನನ್ನ ಗಂಡ ಅಲ್ಲೇ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಆಮೇಲಿನ ದಿನಗಳಲ್ಲಿ ಕಕ್ಷಿದಾರರು ಬಂದು ಹೊರಗೆ ಕೂತಿರುತ್ತಿದ್ದರು, ಇವರು ಶೆಡ್ಡಿನಲ್ಲಿ ಆ ಖಾಲಿ ಮೈಯ ಮುಂದೆ ನಿಂತಿರುತ್ತಿದ್ದರು. ಒಂದು ಸಂಜೆ ನಾನು ತಾಳಲಾರದೆ ಹೋಗಿ ಅಂದೆ:

"ಸಾಕು ಮಾಡ್ರಿ. ಹೈದರಾಬಾದಿನವರ ಇಂಜಿನ್ ಹಾಕಸ್ರಿ. ಅದರಾಗ ಒಮ್ಮಿ ಕುಂತು ವಾಡಿ ತನಕ ಹೋಗಿ ಬರೋಣು."

"ಅದು ಬ್ಯಾರೆ ಯಾರದೋ ಗಾಡಿ ಆಗ್ತದ."

"ಇದು ಯಾರ ಗಾಡಿ ಅದ ಈಗ?"

ಅವರು ಕಾರಿನ ತಗಡಿನ ಮೇಲೆ ಕೈ ಆಡಿಸುತ್ತ, "ಅಪ್ಪ ಬಿಚ್ಚಸಲಿಕತ್ತಾಗ ನಾ ಒಂದು ಮಾತು ಆಡಲಿಲ್ಲ ನೋಡು. ಯಾರೂ ನನ್ನ ಕೇಳಲೂ ಇಲ್ಲ" ಅಂದರು. ಪಕ್ಕದಲ್ಲಿ ನಿಂತೆ.

ಮಳೆಗಾಲ ಕಳೆದ ಮೇಲೆ ಹೈದರಾಬಾದಿನ ಸಾಹುಕಾರರು ತಾವೇ ಬಂದರು. ಅವರ ಹತ್ತಿರ ಅಂಥದೇ ಕಾರು ಇತ್ತಂತೆ. ಇಂಜಿನ್ನು ಚೆನ್ನಾಗಿದೆ, ಆದರೆ ಬಾನೆಟ್ಟು, ಬಾಗಿಲುಗಳು ಅಪಘಾತದಲ್ಲಿ ಹಾಳಾಗಿವೆ, ಎಲ್ಲಿ ಹುಡುಕಿದರೂ ಒರಿಜಿನಲ್ ಸಿಗುತ್ತಿಲ್ಲ. ನಮ್ಮ ಕಾರಿನ ಮೈಯನ್ನು ಸುತ್ತು ಹಾಕಿ ನೋಡಿ, ಕೇಳಲು ಸಂಕೋಚಪಡುತ್ತಲೇ ಕೇಳಿದರು.

ಇವರು ರೇಗುತ್ತಾರೆ ಅಂದುಕೊಂಡಿದ್ದೆ. "ಒಯ್ರಿ" ಅಂದರು. ಅಷ್ಟು ಮೆಲ್ಲಗೆ ಅಂದರು ಅಂದರೆ ಸಾಹುಕಾರರು ಇನ್ನೊಮ್ಮೆ ಕೇಳಬೇಕಾಯಿತು.

ಲಾರಿ ಬಂದ ದಿನ ಇವರು ಕೋರ್ಟಿಗೆ ಹೋಗಿಬಿಟ್ಟರು. ಹೇರಿಸಿ ಕಳಿಸಿದವಳು ನಾನು. ಸ್ಟೇರಿಂಗ್ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಫೋನಿನಲ್ಲಿ ಕೇಳಿದೆ. "ಎಲ್ಲಾ ಕಳಸು" ಅಂದರು.

ಮುಂದಿನ ವರ್ಷ ಸಾಹುಕಾರರು ಒಂದು ಫೋಟೊ ಕಳಿಸಿದರು. ಕೆಂಪು ಬಣ್ಣ ಹೊಡೆಸಿದ ಕಾರು ಬಿಸಿಲಿನಲ್ಲಿ ಥಳಥಳ ನಿಂತಿತ್ತು. ಇವರು ಕನ್ನಡಕ ಹಾಕಿಕೊಂಡು, ಫೋನಿನ ಮೇಲೆ ಬೆರಳಾಡಿಸಿ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

"ಇದರಾಗ ಎಲ್ಲಿ ನಮ್ಮದು, ಎಲ್ಲಿ ಅವರದು, ಒಂದೂ ಗೊತ್ತಾಗಲಿಕತ್ತಿಲ್ಲ" ಅಂದರು. ಫೋನನ್ನು ನನ್ನ ಕೈಗೆ ಕೊಟ್ಟು, ಸ್ನಾನಕ್ಕೆ ಎದ್ದು ಹೋದರು. ನಲ್ಲಿಯ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು, ತಂಬಿಗೆಯ ಸದ್ದು ಮಾತ್ರ ಒಮ್ಮೆಯೂ ಬರಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಬಚ್ಚಲ ಬಾಗಿಲ ಹತ್ತಿರ ಹೋಗಿ ನಿಂತೆ, ಕರೆಯಲು ಧೈರ್ಯವಾಗಲಿಲ್ಲ.