ಹುಲ್ಲಿನಲ್ಲಿ ಬಿಟ್ಟ ಜುಟ್ಟು

ಜಟಕಾ ಕುದುರೆಗಳಿಗೆ ಇಪ್ಪತ್ತು ವರ್ಷ ಹುಲ್ಲು ಹೊತ್ತವಳು ಚಿಕ್ಕಗಂಗಮ್ಮ. ಶ್ರೀಗಂಧದ ಕಾವಲಿನ ಹುಲ್ಲುಬಯಲಿನಲ್ಲಿ ಬೆಳಗಾಗುತ್ತಲೇ ಕುಡುಗೋಲು ಹಿಡಿದಳೆಂದರೆ ಬಿಸಿಲೇರುವಷ್ಟರಲ್ಲಿ ಹೊರೆ ಸಿದ್ಧ. ಗಂಡ ಸತ್ತ ತಿಂಗಳೂ ಕೆಲಸ ಬಿಟ್ಟವಳಲ್ಲ. ಬಾಯಿ ಮಾತ್ರ, ಅಬ್ಬಬ್ಬಾ, ದೇವರೇ ಗತಿ! ದಾರಿಹೋಕ ನಿಂತರೂ ಸಾಕು, ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರಿದುಬಿಡುವಳು.

ಹುಲ್ಲು ಕುಯ್ಯುವ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು. ನೆಲಗುಬ್ಬಿ ಗೂಡು ಕಟ್ಟುವುದು ಹುಲ್ಲಿನ ಬುಡದಲ್ಲಿ. ಗೂಡು ಕಂಡವಳು ಅದರ ಸುತ್ತ ಒಂದು ಹಿಡಿ ಹುಲ್ಲನ್ನು ಜುಟ್ಟಿನಂತೆ ಬಿಡಬೇಕು. ಆ ಜುಟ್ಟಿಗೆ ಮತ್ತ್ಯಾರೂ ಕುಡುಗೋಲು ತಾಕಿಸುವಂತಿಲ್ಲ. ರಾಜಾಜಿನಗರಕ್ಕೆಂದು ಆ ಕಡೆಯ ಬಯಲೆಲ್ಲ ಸೈಟುಗಳಾದ ಮೇಲೆ ಅವಳು ಕಂಡಂತೆ ಆ ಹಕ್ಕಿ ಉಳಿದದ್ದು ಈ ಕಾವಲಿನಲ್ಲೇ. ಅದು ಮೇಲಕ್ಕೇರಿ, ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ ಹಾಡಿದರೆ ಚಿಕ್ಕಗಂಗಮ್ಮ ಕೈ ನಿಲ್ಲಿಸಿ ಕೇಳುವಳು. ಅವಳ ಬದುಕಿನಲ್ಲಿ ಇದ್ದ ಸುಖ ಅದೊಂದೇ.

ಐವತ್ತಾರರ ಶ್ರಾವಣದಲ್ಲಿ, ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಒಬ್ಬ ಬಂದ.

"ಇದೇನಮ್ಮ, ಅಲ್ಲಲ್ಲಿ ಹುಲ್ಲು ಬಿಟ್ಟಿದೀರಿ?"

"ಗೂಡೈತೆ ಕಣಣ್ಣ, ತುಳಿದುಗಿಳಿದೀಯ!"

"ಪುಣ್ಯವಂತರು ಬಿಡಿ," ಅಂದ. ಇವಳು ಉಬ್ಬಿಹೋದಳು. ಮಾರನೆಯ ಬೆಳಿಗ್ಗೆ ನೋಡಿದರೆ ಏಳು ಜುಟ್ಟುಗಳೂ ಸೀಳಿಕೊಂಡು ಬಿದ್ದಿದ್ದವು, ಒಂದರಲ್ಲೂ ಮರಿಯಿಲ್ಲ. ಪೇಟೆಯಲ್ಲಿ ಹಾಡುವ ಹಕ್ಕಿಯನ್ನು ಪಂಜರದಲ್ಲಿಟ್ಟು ಮಾರುತ್ತಾರೆಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು ಬಂತು, ಮಣ್ಣು!

ಕಾವಲಿನ ಗಾರ್ಡು ಉಗ್ರಪ್ಪನ ಹತ್ತಿರ ಓಡಿದಳು.

"ನಾನು ಕಾಯೋದು ಗಂಧದ ಮರ ಕಣಮ್ಮ. ಕೊಂಬೆ ಮುರಿದ್ರೆ ಹೇಳು, ಒಳಗೆ ಹಾಕಿಸ್ತೀನಿ. ಗುಬ್ಬಿಗೆಲ್ಲ ಯಾವ ಕಾನೂನು?"

"ಹಾಳಾಗೋಗ್ಲಿ ನಿಮ್ಮ ಕಾನೂನು!" ಎಂದು ಅಳುತ್ತ ಬಂದಳು.

ಹದಿನೈದು ದಿನಕ್ಕೆ ಒಂದೇ ಒಂದು ಜೋಡಿ ಮತ್ತೆ ಗೂಡು ಕಟ್ಟಿತು. ಮೂರು ಮೊಟ್ಟೆ. ಈ ಸಲ ಪ್ರಾಣ ಹೋದರೂ ಬಾಯಿ ಬಿಡುವುದಿಲ್ಲವೆಂದು ಚಿಕ್ಕಗಂಗಮ್ಮ ಆಣೆ ಮಾಡಿಕೊಂಡಳು. ಜುಟ್ಟು ಬಿಡದಿದ್ದರೆ ಗೂಡು ಹದ್ದಿನ ಪಾಲು, ಬಿಟ್ಟರೆ ಸೈಕಲ್ಲಿನವನ ಪಾಲು. ಅದಕ್ಕೇ ಕಾವಲಿನ ತುಂಬ ಮೂವತ್ತು ಜುಟ್ಟು ಬಿಟ್ಟಳು, ಇಪ್ಪತ್ತೊಂಬತ್ತೂ ಖಾಲಿ. ಅವನು ಬಂದು, ಹತ್ತು ಹನ್ನೆರಡು ಕೆದಕಿ, ಶಾಪ ಹಾಕುತ್ತ ಹೋದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ನಾಲ್ಕು ದಿನ ಕಳೆದಿರಬೇಕು. ಹೊರೆ ಹಾಕಿ ವಾಪಸು ಬಂದಾಗ, ಜೊತೆಗೆ ಕುಯ್ಯುವ ಹನುಮಕ್ಕ ನೆಲದ ಮೇಲೆ ಕುಕ್ಕರಿಸಿದ್ದಳು. ಸುತ್ತಲಿನ ಜುಟ್ಟುಗಳೆಲ್ಲ ಬುಡಸಮೇತ ಕುಯ್ದುಹೋಗಿದ್ದವು. ಅವಳ ಅಂಗೈಯಲ್ಲಿ ಒಡೆದ ಮೊಟ್ಟೆ.

"ಯಾವಳೋ ಮೈಗಳ್ಳಿ ಸುಳ್ಳು ಜುಟ್ಟು ಬಿಟ್ಟೋಗವ್ಳೆ ಕಣಕ್ಕ. ಐದಾರು ಬಗ್ಗಿ ನೋಡ್ದೆ, ಎಲ್ಲಾ ಖಾಲಿ. ಇದೂ ಅಂಗೇ ಅಂದ್ಕೊಂಡು ಕುಡುಗೋಲಾಕ್ಬಿಟ್ಟೆ. ಅವಳ ಕೈ ಸೇದೋಗ!"

ಚಿಕ್ಕಗಂಗಮ್ಮ ಅವಳ ಪಕ್ಕ ಕೂತಳು. "ನಾನೇ ಕಣೇ ಅದು," ಅಂದಳು.

ಹನುಮಕ್ಕ ಒಡೆದ ಮೊಟ್ಟೆಯನ್ನು ಕುಯ್ದ ಹುಲ್ಲಿನ ಮೇಲಿಟ್ಟಳು. "ಯಾವನೋ ಊರು ಕೇರಿ ಗೊತ್ತಿಲ್ದೋನಿಗೆ ಹೇಳಿದ್ಯಲ್ಲಕ್ಕ. ನನಗೊಂದು ಮಾತು ಹೇಳಬಾರ್ದಾಗಿತ್ತಾ?"

ಮರುವರ್ಷ ಹೆಂಗಸರು ಕಾವಲನ್ನೆಲ್ಲ ಒಂದೇ ಸಮನೆ ಬುಡಕ್ಕೆ ಕುಯ್ದರು. ಜುಟ್ಟು ಕಂಡರೆ ನಂಬುವವರೇ ಉಳಿದಿರಲಿಲ್ಲ. ಚಿಕ್ಕಗಂಗಮ್ಮ ಮಾತ್ರ ಪ್ರತಿ ಹಿಡಿ ಹುಲ್ಲನ್ನೂ ಬಗ್ಗಿ ಬಗ್ಗಿ ನೋಡಿ ಕುಯ್ದಳು. ಗೂಡು ಒಂದೂ ಸಿಗಲಿಲ್ಲ.