ಹೂಂ ಅನ್ನುವವರು

ನಾನು ಕತ್ತರಿ ಹಿಡಿದು ಹೊಟ್ಟೆ ಹೊರೆದವಳು. ದರ್ಜಿ ಕೆಲಸವಲ್ಲ, ಕಾಲೇಜಿನ ಮೇಷ್ಟರುಗಳ ಮಾತನ್ನು ಕತ್ತರಿಸುವ ಕೆಲಸ.

ಎರಡು ಸಾವಿರದ ಆರೋ ಏಳೋ ಇರಬೇಕು. ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಕಾಲೇಜು. ಪಾಠಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಮಕ್ಕಳು ಬೇಕಾದಾಗ ತೆರೆದು ನೋಡುವಂತಾಗಬೇಕು ಎಂದು ಆಡಳಿತದವರಿಗೆ ಹುಮ್ಮಸ್ಸು ಬಂದಿತ್ತು. ಹುಮ್ಮಸ್ಸು ಅವರದು, ದುಡಿತ ನನ್ನದು. ಭೌತಶಾಸ್ತ್ರದ ಲ್ಯಾಬಿನ ಹಿಂದೆ ಮುರಿದ ಬೆಂಚು ತುಂಬುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಳೆಯ ರಗ್ಗು ಜಡಿಸಿ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರು, ಆರು ಟೇಪು ಕೊಟ್ಟರು. ಬಾಗಿಲ ಮೇಲೆ ಆನ್‌ಲೈನ್ ಪಾಠದ ಕೊಠಡಿ ಎಂದು ಬೋರ್ಡು ಬಿತ್ತು. ಅದರೊಳಗೆ ನಾನೊಬ್ಬಳು.

ಪಾಠ ಹೇಳಿ ಹೇಳಿ ತಲೆ ನರೆಸಿಕೊಂಡವರು ಕ್ಯಾಮೆರಾದ ಕೆಂಪು ದೀಪ ಕಂಡೊಡನೆ ಒಂದನೇ ಕ್ಲಾಸಿನ ಮಕ್ಕಳಾಗಿಬಿಡುತ್ತಿದ್ದರು. ವಾಣಿಜ್ಯದ ಮೇಷ್ಟರೊಬ್ಬರು ಬರೀ ದನಿ ಮುದ್ರಿಸುವ ದಿನವೂ ತಲೆ ಬಾಚಿ ಪೌಡರ್ ಹಚ್ಚಿಕೊಂಡು ಬರುತ್ತಿದ್ದರು. ಇನ್ನೊಬ್ಬರು, ಖಾಲಿ ಬೆಂಚು ನೋಡಿಕೊಂಡು ನನಗೆ ಪಾಠ ಬರೋದಿಲ್ಲ ಎಂದು ಹಟ ಹಿಡಿದು ಅಟೆಂಡರನ್ನು ಎದುರಿಗೆ ಕೂರಿಸಿಕೊಂಡರು. ಅವನು ಹತ್ತು ನಿಮಿಷಕ್ಕೆ ಗೊರಕೆ ಶುರು ಮಾಡಿದ. ಆ ಗೊರಕೆಯನ್ನೂ ನಾನೇ ತೆಗೆಯಬೇಕಾಯಿತು. ಎದುರಿಗೆ ಯಾರಾದರೂ ಯಾಕೆ ಬೇಕು, ಮೈಕು ಇದೆಯಲ್ಲ, ಎಂದು ಗೊಣಗಿಕೊಂಡೆ. ಆಗ ನನಗಿದ್ದದ್ದು ಅಷ್ಟೇ ಬುದ್ಧಿ.

ಕಂಪ್ಯೂಟರಿನ ಪರದೆಯ ಮೇಲೆ ಮಾತು ಗುಡ್ಡದ ಸಾಲಿನ ಹಾಗೆ ಕಾಣುತ್ತದೆ. ಮಾತಿಲ್ಲದ ಕಡೆ ಬಯಲು. ಕೆಮ್ಮು, ಆಕಳಿಕೆ, ‘ಏನಪ್ಪಾ ಅಂದ್ರೆ’ ಎಂಬ ಎಳೆತ, ಎಲ್ಲಕ್ಕೂ ಅದರದರ ಆಕಾರ ಇರುತ್ತದೆ. ಕೇಳುವ ಗೋಜಿಗೇ ಹೋಗದೆ ಕಣ್ಣಲ್ಲೇ ನೋಡಿ ಕತ್ತರಿಸುವಷ್ಟು ನಾನು ಪಳಗಿದ್ದೆ. ಪಾಠ ಹತ್ತು ನಿಮಿಷ ದಾಟಿದರೆ ನಮ್ಮ ಕಾಲೇಜಿನ ಆಮೆ ಇಂಟರ್‌ನೆಟ್ಟಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಹಾಗಾಗಿ ಕತ್ತರಿಸಿದಷ್ಟೂ ಜಾಣೆ. ಪಾಠ ಏರಿಸಿದ ಮೇಲೆ ಕಂಪ್ಯೂಟರಿನಲ್ಲಿದ್ದ ಮೂಲ ಅಳಿಸುವುದು, ಅದೇ ಟೇಪಿನ ಮೇಲೆ ಮುಂದಿನವರ ಪಾಠ ಹಿಡಿಯುವುದು. ಆರೇ ಟೇಪಿನಲ್ಲಿ ಇಡೀ ಕಾಲೇಜು ನಡೆಯಬೇಕಿತ್ತು.

ದಿನವಿಡೀ ಹೆಡ್‌ಫೋನು. ಕಿವಿ ತುಂಬ ಮಾತು, ಆದರೆ ನನ್ನ ಜೊತೆ ಮಾತಾಡುವವರು ಮಾತ್ರ ಯಾರೂ ಇಲ್ಲ. ಕಗ್ಗದಾಸಪುರದಲ್ಲಿ ಎರಡನೇ ಮಹಡಿಯ ಮೇಲೆ ಬಾಡಿಗೆಯ ಒಂದು ರೂಮು. ರಾಯಚೂರಿನ ಕಡೆಯ ನನ್ನ ಮಾತಿಗೆ ಓನರ್ ಅಮ್ಮ ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಾನು ಮಾತು ಕಡಿಮೆ ಮಾಡಿದೆ. ಶನಿವಾರ ಸಂಜೆ ಬಾಗಿಲು ಹಾಕಿದರೆ ಸೋಮವಾರ ಬಸ್ ಕಂಡಕ್ಟರನಿಗೆ ಸ್ಟಾಪಿನ ಹೆಸರು ಹೇಳುವಾಗ ಗಂಟಲು ಕಟ್ಟಿರುತ್ತಿತ್ತು. ಅದಕ್ಕೇ ಎಷ್ಟೋ ಭಾನುವಾರ ಎರಡು ಬಸ್ ಬದಲಿಸಿ ರಸೆಲ್ ಮಾರುಕಟ್ಟೆಗೆ ಹೋಗಿ ನಾಲ್ಕು ನಿಂಬೆಹಣ್ಣಿಗೆ ಕಾಲು ಗಂಟೆ ಚೌಕಾಶಿ ಮಾಡಿದ್ದೇನೆ. ನಿಂಬೆಹಣ್ಣು ನನಗೆ ಬೇಕಿರಲಿಲ್ಲ.

ಊರಿನಿಂದ ಅವ್ವ ಫೋನು ಮಾಡುತ್ತಿದ್ದಳು. ಪಕ್ಕದ ಮನೆಯವರ ಫೋನಿನಲ್ಲಿ ಎಮ್ಮೆ, ಮದುವೆ, ಮಂಡಿನೋವು ಎಲ್ಲ ಹೇಳುವಳು. ನಾನು ಸುಮ್ಮನೆ ಕೇಳುವೆ. ನಡುನಡುವೆ ನಿಲ್ಲಿಸಿ, “ಕೇಳಕತ್ತಿಯಿಲ್ಲ? ಹೂಂ ಅಂತನಾದ್ರೂ ಅನ್ನಬಾರದೇನ?” ಎಂದು ಬೈಯುವಳು. ಕೇಳ್ತಿದೀನಿ ಬಿಡವ್ವ ಎಂದು ನಾನೇ ಸಿಡುಕುತ್ತಿದ್ದೆ.

ನನ್ನ ಕೋಣೆಗೆ ಕೆಲಸವಿಲ್ಲದಾಗಲೂ ಬಂದು ಕೂರುತ್ತಿದ್ದವರೆಂದರೆ ಇತಿಹಾಸದ ಮೇಡಂ ಒಬ್ಬರೇ. ನಿವೃತ್ತಿಗೆ ಒಂದು ವರ್ಷವೂ ಇರಲಿಲ್ಲ. ಮನೆ ಹಲಸೂರಿನಲ್ಲಿ, ಹುಟ್ಟಿದ್ದು ದೊಮ್ಮಲೂರಿನ ಹಳೆಯ ಊರಿನಲ್ಲಿ. ಅವರ ಅಪ್ಪನ ರಾಗಿ ಹೊಲದ ಮೇಲೆ ಈಗ ರಸ್ತೆ. ಫ್ಲೈಓವರಿನ ಒಂದು ಕಂಬ ತೋರಿಸಿ, ಅದು ನಮ್ಮ ಬಾವಿ ಕಣೇ ಅನ್ನುತ್ತಿದ್ದರು. ತಮ್ಮ ಹೊಲ ಹೋಯಿತೆಂದು ಅಳುವವರಲ್ಲ. ನಮ್ಮ ಹೊಲಕ್ಕೂ ಮುಂಚೆ ಕಾಡಿತ್ತು, ಕಾಡಲ್ಲಿ ಜನ ಇದ್ದರು, ಪಠ್ಯಪುಸ್ತಕದಲ್ಲಿ ಅವರಿಗೆ ಒಂದೇ ಒಂದು ಪ್ಯಾರಾ, ಅದನ್ನೂ ಪರೀಕ್ಷೆಗೆ ಕೇಳಲ್ಲ ಎಂದು ಅವರಿಗೆ ಸಿಟ್ಟು. ಕಾಲೇಜು ಬಿಡುವ ಮುಂಚೆ ಕಾಡಿನವರ ಇತಿಹಾಸವನ್ನು ಕಾಡಿನವರ ಬಾಯಲ್ಲೇ ಹೇಳಿಸಿ ಮೂರು ಪಾಠ ಮಾಡಬೇಕು ಎನ್ನುವುದು ಅವರ ಆಸೆ.

ಹೇಳುವವರು ಸಿಕ್ಕಿದ್ದು ಕೆ.ಆರ್. ಪುರದಲ್ಲಿ. ಮೇಡಂ ಅವರ ಅಣ್ಣ ಕಟ್ಟಿಸುತ್ತಿದ್ದ ಮನೆಯನ್ನು ಕಾಯುತ್ತಿದ್ದ ಮುದುಕ ಮುದುಕಿ, ಮಾಗಡಿ ಕಡೆಯ ಕಾಡಿನ ಇರುಳಿಗ ಬುಡಕಟ್ಟಿನವರು. ಮಕ್ಕಳಿಲ್ಲ. ಸಿಮೆಂಟ್ ಮೂಟೆಗಳ ಪಕ್ಕದ ಶೆಡ್ಡಿನಲ್ಲಿ ಇಬ್ಬರದೇ ಸಂಸಾರ. ಕಾಡಿನ ಯಾವ ಬಂಡೆಯ ಕೆಳಗೆ ಯಾರ ಗುಡಿಸಲಿತ್ತು, ಯಾವ ಮರದ ಜೇನು ಯಾರ ಪಾಲಿನದು ಎಂಬುದೆಲ್ಲ ಅಜ್ಜನಿಗೆ ಬಾಯಿಪಾಠ. ಕೇಳಿದಾಗ, ಹೇಳ್ತೀನಿ, ಆದರೆ ಅವಳೂ ಬರ್ತಾಳೆ ಎಂದರಂತೆ.

ಶನಿವಾರ ಮೇಡಂ ಇಬ್ಬರನ್ನೂ ಆಟೋದಲ್ಲಿ ಕರೆತಂದರು. ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ ಅಂಗಿಗೆ ಮೈಕು ಸಿಕ್ಕಿಸಿದೆ. ಅಜ್ಜಿ ಕುರ್ಚಿ ಬೇಡವೆಂದು ಅಜ್ಜನ ಕಾಲ ಬಳಿ ನೆಲದ ಮೇಲೆ ಕೂತರು. ಕ್ಯಾಮೆರಾದ ಚೌಕಟ್ಟಿನಿಂದ ಹೊರಗೆ. ಒಳ್ಳೆಯದೇ ಆಯಿತು, ಅಡ್ಡ ಬರುವುದಿಲ್ಲ ಎಂದುಕೊಂಡೆ. ಅಜ್ಜ ಒಂದು ಮಾತು ಹೇಳಿ ನಿಲ್ಲುವರು, ಅಜ್ಜಿ ಹೂಂ ಅನ್ನುವರು. ಆಮೇಲೆಯೇ ಮುಂದಿನ ಮಾತು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಒಮ್ಮೆ ಅಜ್ಜಿ ಹೂಂ ಅನ್ನಲಿಲ್ಲ. ಅಜ್ಜ ತಡೆದು, ಯೋಚಿಸಿ, ಒಂದು ಹೆಸರನ್ನು ತಿದ್ದಿ ಹೇಳಿದರು. ಆಗ ಹೂಂ ಬಂತು.

ಸೋಮವಾರ ನಾನು ಕತ್ತರಿ ಹಿಡಿದು ಕೂತೆ. ಪರದೆಯ ಮೇಲೆ ಅಜ್ಜನ ಗುಡ್ಡ, ಬಯಲು, ಬಯಲಿನ ನಡುವೆ ಸಣ್ಣದೊಂದು ದಿಬ್ಬ. ಮತ್ತೆ ಗುಡ್ಡ, ಬಯಲು, ದಿಬ್ಬ. ಮುಕ್ಕಾಲು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಬೇಕು. ಆ ದಿಬ್ಬಗಳನ್ನು ಒಂದೊಂದಾಗಿ ಹುಡುಕಿ ಕಿತ್ತೆ, ಕಳೆ ಕಿತ್ತ ಹಾಗೆ. ಅಜ್ಜನ ಮಾತು ನೀರು ಹರಿದಂತೆ ಹರಿಯತೊಡಗಿತು. ಮುಂದಿನ ಶನಿವಾರದ ಜೇನಿನ ಪಾಠವನ್ನೂ ಹಾಗೇ ಮಾಡಿದೆ. ಮೇಡಂ ನೋಡಿ, ಎಷ್ಟು ನೀಟಾಗಿದೆ ಕಣೇ ಎಂದು ಬೆನ್ನು ತಟ್ಟಿದರು. ಮಕ್ಕಳೂ ನೋಡಿದರು. ಟೇಪುಗಳ ಮೇಲೆ ವಾಣಿಜ್ಯದ ಮೇಷ್ಟರ ಪೌಡರ್ ಮುಖ ಬಂದು ಕೂತಿತು.

ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ನಮ್ಮ ಊರಲ್ಲಿ ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟಲು ಕೂರುತ್ತಿದ್ದವಳು ನಾನೇ. ನಿದ್ದೆ ತೂಗಿ ಹೂಂ ತಪ್ಪಿದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹೂಂ ಅನ್ನುವವರಿಲ್ಲದೆ ಕತೆ ಹೇಳಬಾರದು, ಗೋಡೆಗೆ ಹೇಳಿದ ಹಾಗೆ ಎನ್ನುವಳು. ಅಷ್ಟು ಗೊತ್ತಿದ್ದವಳು ನಾನು, ಹಾಳಾದವಳು, ಎಲ್ಲವನ್ನೂ ನನ್ನ ಕೈಯಾರೆ ಕಿತ್ತೆ.

ಮೂರನೆಯ ಶನಿವಾರ ಕಾಡು ಬಿಟ್ಟು ಇಳಿದು ಬಂದ ಕತೆ ಆಗಬೇಕಿತ್ತು. ಅವರು ಬರಲಿಲ್ಲ. ಮೇಡಂ ಹೋಗಿ ನೋಡಿದರೆ ಶೆಡ್ಡಿನಲ್ಲಿ ಅಜ್ಜ ಒಬ್ಬರೇ ಇದ್ದರು. ಅಜ್ಜಿಗೆ ಜ್ವರ ಬಂದು, ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನಕ್ಕೇ ಹೋಗಿಬಿಟ್ಟಿದ್ದರು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಮೇಡಂ ಅಜ್ಜನನ್ನು ಕರೆದುಕೊಂಡು ಬಂದರು. ಪಾಠಕ್ಕಲ್ಲ. ಅಜ್ಜನೇ ಕೇಳಿಕೊಂಡು ಬಂದಿದ್ದರು. ಅಜ್ಜಿಯದು ಒಂದು ಫೋಟೋ ಕೂಡ ಇಲ್ಲ, ಆ ಮಿಷನ್ನಿನಲ್ಲಿ ಅವಳ ದನಿ ಇದೆಯಲ್ಲ, ಒಂದು ಸಲ ಕೇಳಿಸಿ ಅಂದರಂತೆ. ಮೇಡಂ ಖುಷಿಯಿಂದಲೇ ಹೇಳಿದರು, “ಹಾಕಮ್ಮ, ಮೊದಲನೇ ಪಾಠ ಹಾಕು.” ಪಾಠ ನೋಡಿದ್ದರೂ ಹೂಂ ಇಲ್ಲದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಹಾಕಿದೆ. ಪರದೆಯ ಮೇಲೆ ಅಜ್ಜ ಮಾತಾಡುತ್ತಲೇ ಹೋದರು, ಉಸಿರಿಗೂ ನಿಲ್ಲದೆ. ಕುರ್ಚಿಯಲ್ಲಿದ್ದ ಅಜ್ಜ ಪ್ರತಿ ಮಾತಿನ ಕೊನೆಗೆ ಕುತ್ತಿಗೆ ಮುಂದೆ ಮಾಡಿ ಕಾಯುತ್ತಿದ್ದರು. ನಾಲ್ಕೈದು ಸಲ ಕಾದು, ಆಮೇಲೆ ನನ್ನ ಕಡೆ ತಿರುಗಿದರು.

“ಇದ್ರಲ್ಲಿ ನಾನು ಯಾರ್ಗವ್ವ ಹೇಳ್ತಾ ಇವ್ನಿ?”

ಸಿಟ್ಟಿನಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಎಲ್ಲವನ್ನೂ ಹೇಳಿದೆ. ಕತ್ತರಿಸಿದ್ದು, ಅಳಿಸಿದ್ದು, ಟೇಪಿನ ಮೇಲೆ ಬೇರೆಯವರು ಬಂದಿದ್ದು. ಮಧ್ಯೆ ಅಳು ಬಂತು. ಮೇಡಂ ಮುಖ ಕಿವುಚಿ ಗೋಡೆ ನೋಡುತ್ತಿದ್ದರು. ಅಜ್ಜ ಮಾತ್ರ ಕೈಯಲ್ಲಿದ್ದ ಟವಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ ನಾನು ಆ ಎರಡು ಪಾಠಗಳನ್ನೂ ಮೊದಲ ಸಲ ಕೂತು ಕೇಳಿದೆ. ನೋಡಲಿಲ್ಲ, ಕೇಳಿದೆ. ಅಜ್ಜ ಪಕ್ಕದಲ್ಲೇ ಇದ್ದರು. ಎರಡನೆಯ ಪಾಠ ಮುಗಿಯುತ್ತ ಬಂದಾಗ ಒಂದು ಕಡೆ, ಅಜ್ಜ ಜೇನಿನ ಹುರುಪಿನಲ್ಲಿ ಕಾಯದೆ ಮುಂದೆ ಹೋಗಿದ್ದರು. ಅಜ್ಜಿಯ ಹೂಂ ಅಜ್ಜನ ಮಾತಿನ ತುದಿಗೆ ತಗುಲಿಕೊಂಡಿತ್ತು. ಕತ್ತರಿಸಿದರೆ ಅಜ್ಜನ ಮಾತೂ ತುಂಡಾಗುತ್ತದೆಂದು ಬಿಟ್ಟಿದ್ದೆ. ಕರುಣೆಯಿಂದಲ್ಲ, ಅದನ್ನು ಬಿಡಿಸುವಷ್ಟು ಪುರುಸೊತ್ತು ಇರಲಿಲ್ಲ.

ಅಷ್ಟು ತುಣುಕನ್ನು ಬೇರೆ ಮಾಡಿ, ಅಜ್ಜನ ಮಾತು ಆದಷ್ಟು ಸವರಿ, ಒಂದು ಬಟನ್ ಒತ್ತಿದರೆ ಬರುವಂತೆ ಮಾಡಿದೆ. ಒತ್ತಿದೆ. ಹೂಂ. ಸ್ವಲ್ಪ ಮೂಗಿನಲ್ಲಿ, ಸ್ವಲ್ಪ ಬೇಸರದಲ್ಲಿ, ಇದು ನನಗೆ ಮೊದಲೇ ಗೊತ್ತು ಅನ್ನುವ ಧಾಟಿಯಲ್ಲಿ.

ಅಜ್ಜನ ಕೈಯಲ್ಲಿ ಟವಲು ನಿಂತಿತು. “ಇನ್ನೊಂದ್ಸಲ ಹಾಕವ್ವ” ಅಂದರು. ಒತ್ತಿದೆ. ಅಜ್ಜ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು, ಆವತ್ತು ಅಜ್ಜಿ ಕೂತಿದ್ದ ಕಡೆ ಮುಖ ಮಾಡಿ. ಕಾಡಿನಿಂದ ಇಳಿದ ದಿನದ ಕತೆಯ ಮೊದಲ ಮಾತು ಹೇಳಿದರು. ನಿಲ್ಲಿಸಿದರು. ನನಗೆ ತಿಳಿಯಿತು. ಒತ್ತಿದೆ. ಮುಂದಿನ ಮಾತು ಬಂತು.

ಯಾರು ಮಡಕೆ ಹೊತ್ತರು, ಯಾರು ನಾಯಿಯನ್ನು ಬಿಟ್ಟು ಬಂದರು, ಮದುವೆಯಾಗಿ ಎರಡೇ ತಿಂಗಳಾಗಿದ್ದ ಹೆಂಡತಿ ಗುಡಿಸಲಿನ ಬಾಗಿಲನ್ನು ಕಟ್ಟಿ ಬಂದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹೇಗೆ ವಾಪಸ್ ಓಡಿದಳು. ಆ ಮಾತಿಗೂ ಹೂಂ ಬಂತು. ಅಜ್ಜ ನಕ್ಕರು. ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಗಲಾಟೆ ಮಾಡುತ್ತ ಹೋದರು. ಕ್ಯಾಮೆರಾ ಆನ್ ಮಾಡಿರಲಿಲ್ಲ. ಮೇಡಂ ನೆನಪಿಸಲೂ ಇಲ್ಲ, ಅವರಿಗೆ ಆ ಪಾಠ ಅಷ್ಟು ಬೇಕಿದ್ದರೂ. ಮುಂದೆ ಆ ಮೂರನೆಯ ಪಾಠವನ್ನು, ಅಜ್ಜನ ಒಪ್ಪಿಗೆ ಕೇಳಿಕೊಂಡು, ಮೇಡಂ ತಮ್ಮ ಬಾಯಲ್ಲೇ ಹೇಳಿದರು. ಆಗ ಕಾಲ ಬಳಿ ಕೂತು ಹೂಂ ಅಂದವಳು ನಾನು. ಒಂದನ್ನೂ ಕತ್ತರಿಸಲಿಲ್ಲ, ಪಾಠ ತೆರೆಯುವುದಿಲ್ಲವೆಂದು ಎಷ್ಟು ದೂರು ಬಂದರೂ.

ಆದರೆ ಆ ಮಧ್ಯಾಹ್ನ ನನಗಿದ್ದದ್ದು ಒಂದೇ ಕೆಲಸ. ಅಜ್ಜನ ಮಾತು ಎಲ್ಲಿ ನಿಲ್ಲುತ್ತದೆ ಎಂದು ಕೇಳುವುದು, ಒತ್ತುವುದು. ಊರು ಬಿಟ್ಟ ಮೇಲೆ ನಾನು ಯಾರ ಮಾತನ್ನೂ ಅಷ್ಟು ಹೊತ್ತು ಕೇಳಿರಲಿಲ್ಲ. ಕತೆ ಬೆಟ್ಟದ ಬುಡಕ್ಕೆ ಬಂತು, ರಸ್ತೆ ಸಿಕ್ಕಿತು, ಲಾರಿ ಬಂತು. ಲಾರಿ ಹತ್ತುವುದಿನ್ನೂ ಬಾಕಿ ಇತ್ತು. ಅಜ್ಜ ಅಲ್ಲಿಗೆ ನಿಂತರು. ನಾನು ಒತ್ತಿದೆ. ಹೂಂ ಬಂತು. ಅಜ್ಜ ಮುಂದಕ್ಕೆ ಹೇಳಲಿಲ್ಲ. ಇನ್ನೊಮ್ಮೆ ಒತ್ತಲು ಹೋದಾಗ ಕೈ ಅಡ್ಡ ಹಿಡಿದರು.

“ಸಾಕು ಬುಡವ್ವ. ಅವ್ಳಿಗೂ ಸುಸ್ತಾಗಿರ್ತದೆ.”

ನಾನು ಬಟನ್ ಮೇಲಿನ ಬೆರಳು ತೆಗೆದೆ.