ತಪಾಸಣಿ ಆಗದ ಗಂಡಸು

ಐವತ್ತರ ಹತ್ರ ಬಂದ ಮ್ಯಾಲ ತೊಡಿಸಂದ್ಯಾಗ ನೋವು ಚಾಲೂ ಆತು. ಹೆಂಡ್ತಿ ತೀರಿಕೊಂಡಿದ್ಳು, ಒಬ್ಬನ ಗೋಕಾಕದ ದವಾಖಾನಿಗೆ ಹೋದೆ. ಡಾಕ್ಟರ್ ತಪಾಸ ಮಾಡಿ ಕೈ ತೊಳಕೊಂಡು ಬಂದ್ರು.

"ಕಾಕಾ, ನಿಮ್ಮ ಬೀಜ ಎರಡೂ ಹುಟ್ಟಿದಾಗಿಂದ ಕೆಳಗ ಇಳದಿಲ್ಲ, ಹೊಟ್ಟ್ಯಾಗ ಉಳದಾವ. ಮಕ್ಕಳು ಅದಾರೇನ್ರಿ?"

"ಇಲ್ರಿ. ಹೆಂಡ್ತಿ ಬಂಜಿ ಇದ್ಳು."

"ಅವರಲ್ರಿ, ಇದರಿಂದನ ಮಕ್ಕಳಾಗಿಲ್ಲ. ಇಷ್ಟು ವರ್ಷ ನಿಮ್ಮನ್ನ ಯಾರೂ ತಪಾಸ ಮಾಡ್ಲಿಲ್ಲೇನು?"

"ನನ್ನನ್ಯಾಕ ಮಾಡ್ತಾರ್ರಿ? ನಾ ಗಂಡಸು."

ಖರೆನ ಹೇಳಿದ್ದೆ. ಮೂಡಲಗಿ, ಹುಕ್ಕೇರಿ ಅಂತ ಹೆಂಡ್ತಿನ್ನ ಊರೂರು ಡಾಕ್ಟರಿಗೆ ತೋರಿಸಿದ್ವಿ. ನಾ ಹೊರಗ ಚಾ ಕುಡಕೊಂತ ಕುಂದರತಿದ್ದೆ. ಓಣ್ಯಾಗ ಬಸುರಿ ಹೆಣಮಕ್ಕಳ ಕುಬಸ ಇದ್ರ ಆರತಿಗೆ ಅಕಿನ್ನ ಕರೀತಿರಲಿಲ್ಲ, ರೊಟ್ಟಿ ಬಡಿಯಾಕ ಕರೀತಿದ್ರು. ಬಂಜಿ ಬಡದ ರೊಟ್ಟಿಗೆ ದೋಷ ಇರಂಗಿಲ್ಲಂತ ಕಾಣ್ತತಿ.

ಮನಿಗೆ ಬಂದ್ರ ದಡ್ಡಿ ಊರಿಂದ ಅಕ್ಕ ಬಂದಿದ್ಳು.

"ನಿನಗೊಂದು ಹೆಣ್ಣು ನೋಡೇನಿ. ಸತ್ತಾಕಿ ಹಂಗಲ್ಲ, ಇಕಿಗಿ ಮಕ್ಕಳಾಗ್ತಾವ."

"ಆತು. ಈ ಸಲ ಅವರ ನನ್ನ ನೋಡಾಕ ಬರ್ಲಿ. ಬರುವಾಗ ಒಬ್ಬ ಡಾಕ್ಟರನ್ನ ಕರಕೊಂಡು ಬರಾಕ ಹೇಳು," ಅಂದು ಡಾಕ್ಟರ್ ಹೇಳಿದ್ದೆಲ್ಲಾ ಬಿಚ್ಚಿ ಹೇಳಿದೆ.

"ಇಂಥಾ ಮಾತ ಆಡಾಕ ನಾಚಿಕಿ ಬರಂಗಿಲ್ಲೇನೋ?"

ಹೆಂಡ್ತಿನ್ನ ಊರೂರು ತೋರಸುವಾಗ ಈ ನಾಚಿಕಿ ಯಾರ ಮನ್ಯಾಗ ಮಲಗಿತ್ತೋ.